ಪಂಪಾಳ ರಕ್ತದ ರಿಪೋರ್ಟು

ಆನೆಗೊಂದಿ
೯ ನವೆಂಬರ್ ೨೦೨೪

ಪ್ರೀತಿಯ ಉಜ್ಮಾ,

ನೀನು, ಅಮ್ಮಿ ಎಲ್ಲರೂ ಆರಾಮ ಇದ್ದೀರಲ್ಲ? ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ಬೈಯಬೇಡ. ಪಂಪಾಳ ರಕ್ತದ ರಿಪೋರ್ಟು ಕೈಗೆ ಬರುವವರೆಗೂ ಪೆನ್ನು ಹಿಡಿಯುವ ಧೈರ್ಯವಾಗಲಿಲ್ಲ. ಗುರುವಾರ ಬಂತು. ನನ್ನ ಮಗಳಿಗೆ ಹೆಪಟೈಟಿಸ್ ಬಿ ಇಲ್ಲ ಉಜ್ಮಾ, ಇಲ್ಲ! ಫೋನಿನಲ್ಲಿ ಎರಡು ಮಾತಿಗೆ ಮುಗಿಸುವ ಸುದ್ದಿಯಲ್ಲ ಇದು.

ಗಂಗಾವತಿಯ ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿ, "ವೈರಸ್ ಇಲ್ಲವ್ವ, ಲಸಿಕಿ ಛಲೋ ಕೆಲಸ ಮಾಡೈತಿ" ಎಂದರು. ನಮ್ಮವರು ಅಲ್ಲೇ ಬೆಂಚಿನ ಮೇಲೆ ಕುಸಿದು ಗೊಳೋ ಎಂದು ಅತ್ತುಬಿಟ್ಟರು. ಡಾಕ್ಟರಮ್ಮ ಗಾಬರಿಯಾಗಿ, "ಖುಷಿ ಸುದ್ದಿನ ಹೇಳೀನ್ರಿ ನಾನು!" ಎಂದರು.

ಹೆರಿಗೆಯ ದಿನ ನಿನಗೆ ನೆನಪಿದೆಯಲ್ಲ. ಈ ಕಾಯಿಲೆ ನನಗಿದೆಯೆಂದು ಗೊತ್ತಾದದ್ದೇ ಬಸುರಿನ ತಪಾಸಣೆಯಲ್ಲಿ. ಕೂಸು ಹುಟ್ಟಿ ಹನ್ನೆರಡು ತಾಸಿನೊಳಗೆ ಅದಕ್ಕೆ ಎರಡು ಸೂಜಿ ಬೀಳಬೇಕಿತ್ತು. ನಮ್ಮತ್ತೆ ಹುಲಗೆಮ್ಮ ಕೂಸನ್ನು ಅವಚಿಕೊಂಡು, "ಇಷ್ಟ ಸಣ್ಣ ತೊಡಿಗೆ ಎರಡು ಸೂಜಿ? ನಾ ಕೊಡಂಗಿಲ್ಲ" ಎಂದು ಪಟ್ಟು ಹಿಡಿದರು. ಕುಷ್ಟಗಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನೀನು ತರಗತಿ ಬಿಟ್ಟು ಹೊರಗೆ ಬಂದು ಫೋನಿನಲ್ಲಿ ಅವರಿಗೇ ಪಾಠ ಮಾಡಿದೆ.

"ಅವ್ವಾರ, ಲಿವರಿನ ಕಣದ ಮ್ಯಾಲ ಪಿತ್ತದ ಉಪ್ಪು ಒಳಗ ತಗೊಳ್ಳಾಕ ಒಂದು ಬಾಗಲ ಐತ್ರಿ. ವೈರಸ್ಸು ಅದನ್ನ ಹಿಡಕೊಂಡ ಒಳಗ ಹೊಗತೈತಿ. ಒಂದು ಸೂಜಿಯ ಔಷಧ ವೈರಸ್ಸಿನ ಮೈಗೆ ಮೆತ್ತಿಕೊಂಡು, ಅದು ಬಾಗಲ ಹಿಡಿಯದಂಗ ಮಾಡ್ತೈತಿ. ಇನ್ನೊಂದು, ಕೂಸಿನ ಮೈಗೇ ಆ ಕೆಲಸ ಕಲಿಸ್ತೈತಿ."

ಅತ್ತೆ ಕೂಸಿನ ತೊಡೆಯ ಮೇಲಿನ ಬಟ್ಟೆ ಸರಿಸಿ ನರ್ಸಿಗೆ, "ಲಗೂ ಹಾಕವ್ವ, ಏನು ನಿಂತೀ?" ಎಂದರು.

ಈಗ ಅವರೇ ದೊಡ್ಡ ಮೇಡಂ. ನಮ್ಮಲ್ಲಿ ಬಾಳೆನಾರಿನ ಬುಟ್ಟಿ ಹೆಣೆಯುವ ಕೆಲಸಕ್ಕೆ ಬರುವ ಬಸುರಿಯರನ್ನೆಲ್ಲ ತಡೆದು, "ರಕ್ತ ತೋರಿಸೀ ಏನು?" ಎಂದು ಕೇಳುತ್ತಾರೆ. ನಿನ್ನೆ ಪಕ್ಕದ ಮನೆಯ ಪಕ್ಕೀರವ್ವ ನನ್ನ ತಾಟಿನ ಮಂಡಕ್ಕಿಗೆ ಕೈ ಹಾಕಲು ಹಿಂಜರಿದಳು. ಅತ್ತೆ ತಾವೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಅದು ರಕ್ತದಾಗ ಹರಡೂದವ್ವ, ಮಂಡಕ್ಕ್ಯಾಗ ಅಲ್ಲ. ನಮ್ಮ ಉಜ್ಮಾ ಹೇಳ್ಯಾಳ" ಎಂದರು. ಆಮೇಲೆ ಪಕ್ಕೀರವ್ವ ತಾಟನ್ನೇ ಖಾಲಿ ಮಾಡಿದಳು!

ನನ್ನ ಲಿವರ್ ಸದ್ಯ ಚೆನ್ನಾಗಿದೆ. ಆರು ತಿಂಗಳಿಗೊಮ್ಮೆ ತೋರಿಸಬೇಕಷ್ಟೆ. ಪಂಪಾ ಗೋಡೆ ಹಿಡಿದು ನಡೆಯುತ್ತಿದ್ದಾಳೆ. ಅಮ್ಮಿಗೆ ನನ್ನ ಸಲಾಂ ಹೇಳು. ಒಂದು ಕೂಸಿನ ಜೀವ ಕಾಯ್ದವಳು ನೀನು, ನಿನ್ನ ಬಾಳು ತಂಪಾಗಿರಲಿ.

ನಿನ್ನ
ವಿಜಯಲಕ್ಷ್ಮಿ

ತಾ.ಕ.: ಈ ಕಾಯಿಲೆ ನಾನು ಹುಟ್ಟುವಾಗಲೇ ನಮ್ಮವ್ವನಿಂದ ಬಂದಿರಬೇಕೆಂದು ಡಾಕ್ಟರಮ್ಮ ಹೇಳಿದರು. ಅವ್ವ ಲಿವರ್ ಕೆಟ್ಟು ಮಲಗಿದಾಗ ನನಗೆ ಏಳು ವರ್ಷ. ಹತ್ತಿರ ಹೋದರೆ, "ದೂರ ಹೋಗು, ಮುಟ್ಟಬ್ಯಾಡ ನನ್ನ" ಎಂದು ಚೀರುತ್ತಿದ್ದಳು. ಅವ್ವನಿಗೆ ನಾನು ಬೇಡವಾಗಿದ್ದೆ ಎಂದೇ ಇಷ್ಟು ವರ್ಷ ನಂಬಿದ್ದೆ. ನನಗೆ ರೋಗ ಹತ್ತಬಾರದೆಂದು ಹಾಗೆ ಮಾಡುತ್ತಿದ್ದಳು, ಉಜ್ಮಾ. ಅದು ಆಗಲೇ ನನ್ನೊಳಗಿತ್ತು. ಕೊನೆಯ ಆ ಮೂರು ತಿಂಗಳು ಅವಳು ನನ್ನನ್ನು ಮಗ್ಗುಲಲ್ಲೇ ಮಲಗಿಸಿಕೊಳ್ಳಬಹುದಿತ್ತು. ಯಾರೂ ಅವಳಿಗೆ ಹೇಳಲಿಲ್ಲ.