ವರ್ಷಕ್ಕೊಂದು ಸಲ

ನವೆಂಬರ್ 3

ಇವತ್ತು ಮೂರು ಚಿಮಣಿ. ಬೇಕರಿಯವನದು, ಲಾಂಡ್ರಿಯದು, ರಿಟೈರ್ಡ್ ಹೆಡ್‌ಮಾಸ್ತರರ ಮನೆಯದು. ಏಣಿಗೆ ಕಾಲಿಡುವ ಮೊದಲೇ ಅವರ ಹೆಂಡತಿ ಶುರು ಹಚ್ಚಿಕೊಂಡರು. "ಎಷ್ಟು ದಿನಕ್ಕೊಂದ್ಸಲ ಗುಡಿಸ್ಬೇಕಪ್ಪಾ ಇದನ್ನ?" ಹದಿನೆಂಟು ವರ್ಷದಿಂದ ಅದೇ ಪ್ರಶ್ನೆ, ಅದೇ ಉತ್ತರ. ಒಣ ಸೌದೆಯಾದರೆ ವರ್ಷಕ್ಕೊಂದು ಸಲ, ಚಳಿ ಬೀಳುವ ಮುಂಚೆ. ಹಸಿ ಸೌದೆ ತುರುಕುವವರಾದರೆ ಎರಡು ತಿಂಗಳಿಗೇ ನನ್ನನ್ನು ಕರೆಯಿರಿ, ಇಲ್ಲ ಫೈರ್ ಇಂಜಿನ್ ಕರೆಯಿರಿ. ನಕ್ಕರು. ನಾನೇನೂ ತಮಾಷೆ ಮಾಡಿರಲಿಲ್ಲ.

ಬರುವಾಗ ಅಕ್ಕನ ಮನೆ ದಾಟಿ ಬಂದೆ. ಹೊಗೆ ಕಪ್ಪಗೆ ಇಳಿಯುತ್ತಿತ್ತು. ಆ ಚಿಮಣಿ ಬ್ರಷ್ ಕಂಡು ಎರಡು ವರ್ಷ. ಭಾವ ನನ್ನನ್ನು ಒಳಗೆ ಬಿಡುವುದಿಲ್ಲ. ಒಳಗೆ ಹೋದರೆ ಅಕ್ಕನ ಮುಖ ಕಾಣುತ್ತದಲ್ಲ... ಮನೆಗೆ ಬಂದು ಲೋಟ ಎತ್ತಿ ಗೋಡೆಗೆ ಎಸೆದೆ. ಇದ್ದದ್ದೇ ಎರಡು ಲೋಟ.

ನವೆಂಬರ್ 9, ಸಂಜೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು.

ಭಾವನೇ ಕರೆಸಿದ್ದ. ಡಿಪೋದಲ್ಲಿ ನೈಟ್ ಡ್ಯೂಟಿ, ಹಗಲೆಲ್ಲ ನಿದ್ದೆ. ಚಿಮಣಿ ಮೇಲೆ ಹೋಗುವುದು ಅವನ ಕೋಣೆಯ ಗೋಡೆಯೊಳಗೆ, ಮಂಚದ ತಲೆದೆಸೆಗೇ. ಹೊಗೆ ಸೋರಿ ಕೆಮ್ಮು ಹತ್ತಿತ್ತು. "ಬೇಗ ಮುಗಿಸಿ ಜಾಗ ಖಾಲಿ ಮಾಡೋ, ಮಸಿ." ಅವನು ನನಗಿಟ್ಟ ಹೆಸರು.

ಅಕ್ಕನ ಕುತ್ತಿಗೆಯ ಮೇಲೆ ನಾಲ್ಕು ಬೆರಳಿನ ಗುರುತು. ಇದೇನು ಎಂದು ಕೇಳಿದೆ. ಕೇಳುವಾಗ ನನ್ನ ಬಲಗೈ ಚಿಮಣಿಯ ಬುಡದ ಕಬ್ಬಿಣದ ಬಾಗಿಲೊಳಗಿತ್ತು. ಭಾವ ಬೂಟುಗಾಲಿನಲ್ಲಿ ಬಾಗಿಲನ್ನು ಒದ್ದ. ಎರಡು ಬೆರಳು. ಮುರಿದ ಸದ್ದು ನನಗೇ ಕೇಳಿಸಿತು.

"ನಿನ್ ಕೆಲ್ಸ ಚಿಮಣಿ ನೋಡೋದು," ಎಂದ. ಮೇಲೆ ಹೋಗಿ ಮಲಗಿದ.

ಅಕ್ಕ ಬಟ್ಟೆ ಸುತ್ತಿದಳು. ಒಂದೇ ಕೈಯಲ್ಲಿ ಗುಡಿಸಿ ಮುಗಿಸಿದೆ. ಒಂದೂವರೆ ಬಕೆಟ್ ಮಸಿ. ರಿಜಿಸ್ಟರಿನಲ್ಲಿ ತಾರೀಖು ಹಾಕಿ ಅಕ್ಕನ ಸಹಿ ತೆಗೆದುಕೊಂಡೆ. ನೋವು ಮರೆಯಲಿಕ್ಕೆ ಬಾಯಿಗೆ ಬಂದದ್ದೆಲ್ಲ ಹೇಳುತ್ತಲೇ ಇದ್ದೆ. ಹಸಿ ಸೌದೆ ಉರಿಸಬೇಡ. ಒಲೆಗೆ ಗಾಳಿ ಬಿಡುವ ತಗಡು ಮುಚ್ಚಿ ಉರಿಸಬೇಡ. ಒಳಗೆ ಟಾರಿನ ಹಾಗೆ ಕಿಟ್ಟ ಕಟ್ಟುತ್ತದೆ. ಆಮೇಲೊಂದು ದಿನ ಒಣ ಸೌದೆ ತುಂಬಿ ಜೋರಾಗಿ ಉರಿಸಿದರೆ ಚಿಮಣಿಯೇ ಹೊತ್ತಿಕೊಳ್ಳುತ್ತದೆ. ರೈಲು ಬಂದ ಹಾಗೆ ಸದ್ದು. ಗೋಡೆ ಬಿರಿಯುತ್ತದೆ.

"ಹಾಗಾಗೋಕೆ ಎಷ್ಟು ದಿನ ಬೇಕು?"

"ಎರಡು ತಿಂಗಳು ಸಾಕು."

ತಲೆಯಾಡಿಸಿದಳು. ನನ್ನ ಮಾತನ್ನು ಯಾರೂ ಇಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಅಷ್ಟು ನೋವಿನಲ್ಲೂ ಖುಷಿಯಾಯಿತು.

ಡಿಸೆಂಬರ್ 1

ಅಕ್ಕ ಬಂದಿದ್ದಳು. ಮುಂದಿನ ಹಲ್ಲು ಒಂದಿಲ್ಲ.

"ಇಲ್ಲೇ ಇದ್ದುಬಿಡು," ಎಂದೆ.

"ಹೋದ ವರ್ಷ ಬಂದಿದ್ನಲ್ಲ. ಕೂದಲು ಹಿಡ್ಕೊಂಡು ಎಳ್ಕೊಂಡು ಹೋದ. ಸ್ಟೇಷನ್‌ಗೂ ಹೋಗಿದ್ದೆ. ಗಂಡ ಹೆಂಡ್ತಿ ಅಂದ್ಮೇಲೆ ಇದ್ದದ್ದೇ, ಅಡ್ಜಸ್ಟ್ ಮಾಡ್ಕೊಳಮ್ಮ ಅಂದ್ರು." ಬಾಗಿಲ ಕಡೆ ಒಮ್ಮೆ ನೋಡಿದಳು. "ಇನ್ನೊಂದ್ಸಲ ಮನೆ ಬಿಟ್ರೆ ಕೊಲ್ತೀನಿ ಅಂದಿದಾನೆ. ಹೇಳಿದ್ದು ಮಾಡೋನು ಕಣೋ ಅವನು."

ಸಂಜೆಗೆ ಮುಂಚೆ ಹೋಗಿಬಿಟ್ಟಳು. ಅವನು ಏಳುವ ಹೊತ್ತಿಗೆ ಊಟ ರೆಡಿ ಇರಬೇಕು.

ಡಿಸೆಂಬರ್ 4

ಡಿಪೋ ಗೇಟಿನ ಹತ್ತಿರ ಕಾದೆ. ಬ್ರಷ್ಷಿನ ಸರಳು ತಗೊಂಡು ಹೋಗಿದ್ದೆ. ಮೊದಲನೆಯದು ಭುಜಕ್ಕೆ, ಎರಡನೆಯದು ಬೆನ್ನಿಗೆ. ಮಂಡಿಯೂರಿದ. ಬಾಯಿಂದ ಜೊಲ್ಲು ಬಂತು. ಹಿತವಾಯಿತು, ಸುಳ್ಳು ಯಾಕೆ ಬರೆಯಲಿ. ವಾಚ್‌ಮನ್ ಬಂದು ಬಿಡಿಸದಿದ್ದರೆ ಮೂರನೆಯದು ತಲೆಗೇ ಬೀಳುತ್ತಿತ್ತು.

ಡಿಸೆಂಬರ್ 5

ಹೊಡೆದವನು ನಾನು. ತಿಂದವಳು ಅಕ್ಕ. ಒಲೆ ಕೆದಕುವ ಕಬ್ಬಿಣದಲ್ಲಿ. ಎರಡು ಪಕ್ಕೆಲುಬು ಮುರಿದಿದೆ. ಆಸ್ಪತ್ರೆಯಲ್ಲಿ ಮೆಟ್ಟಿಲಿಂದ ಬಿದ್ದೆ ಎಂದು ಬರೆಸಿದ್ದಾಳೆ. ನನ್ನನ್ನು ನೋಡಿ ಒಂದೇ ಮಾತು ಆಡಿದಳು.

"ಇನ್ನು ನೀನೇನೂ ಮಾಡ್ಬೇಡ. ನಾನು ನೋಡ್ಕೋತೀನಿ."

ಡಿಸೆಂಬರ್ 28

ಲಾಂಡ್ರಿಯ ಮಾಡಿನ ಮೇಲಿಂದ ಅಕ್ಕನ ಹಿತ್ತಲು ಕಾಣುತ್ತದೆ. ಸೌದೆಗೆ ಮುಚ್ಚಿದ್ದ ಟಾರ್ಪಾಲು ತೆಗೆದು ಮಡಚಿಟ್ಟಿದ್ದಳು. ಪಕ್ಕೆಗೆ ಒಂದು ಕೈ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬಕೆಟ್ಟಿನಿಂದ ಚೊಂಬು ಚೊಂಬಾಗಿ ಸೌದೆಯ ಮೇಲೆ ನೀರು ಹೊಯ್ಯುತ್ತಿದ್ದಳು. ಗಿಡಕ್ಕೆ ಹಾಕುವ ಹಾಗೆ, ಒಂದೂ ಬಿಡದೆ. ಒಂದು ರಾಶಿಯನ್ನು ಮಾತ್ರ ಬೇರೆ ಮಾಡಿ ಸೂರಿನ ಕೆಳಗೆ ಇಟ್ಟಿದ್ದಳು. ಅದು ಒಣಗಿತ್ತು.

ಇಳಿದು ಹೋದೆ.

"ಏನಕ್ಕ ಇದು?"

"ಧೂಳು ಕಣೋ. ತೊಳೀತಿದೀನಿ."

"ನಾಳೆ ಬಂದು ಚಿಮಣಿ ಇನ್ನೊಂದ್ಸಲ ಗುಡಿಸಿಕೊಡ್ತೀನಿ."

ಚೊಂಬು ಕೆಳಗಿಟ್ಟು ನನ್ನನ್ನು ನೆಟ್ಟಗೆ ನೋಡಿದಳು. "ವರ್ಷಕ್ಕೊಂದ್ಸಲ ಸಾಕು ಅಂತ ಊರಿಗೆಲ್ಲ ನೀನೇ ಹೇಳ್ಕೊಂಡು ಬರ್ತೀಯ. ಈ ವರ್ಷದ್ದು ಆಯ್ತು. ಬರಬೇಡ."

ಮನೆಗೆ ಬಂದು, ಯಾಕೆ ಹಾಗೆಂದಳೋ ಗೊತ್ತಾಗಲಿಲ್ಲ ಎಂದು ಬರೆದೆ. ಮೇಲೆ ಅಡ್ಡಗೆರೆ ಎಳೆದೆ. ಗೊತ್ತಾಯಿತು.

ಜನವರಿ 11

ಆ ಬೀದಿಗೆ ಹೋಗುತ್ತಿಲ್ಲ. ಲಾಂಡ್ರಿಯ ದಾರಿ ಬಿಟ್ಟು ಕಾಲುವೆ ಕಡೆಯಿಂದ ಸುತ್ತಿ ಬರುತ್ತೇನೆ. ಏಣಿ ಹೊತ್ತುಕೊಂಡು ಒಂದು ಮೈಲಿ ಜಾಸ್ತಿ. ಭುಜ ಕಿತ್ತು ಬರುತ್ತಿದೆ.

ಜನವರಿ 22

ಮಧ್ಯಾಹ್ನ ಎರಡೂವರೆ. ಎರಡು ಬೀದಿ ಆಚೆ ಮಾಡಿನ ಮೇಲಿದ್ದೆ. ಕಾಣುವ ಮೊದಲೇ ಕೇಳಿಸಿತು. ರೈಲು. ಚಿಮಣಿಯ ತುದಿಯಲ್ಲಿ ಆಳೆತ್ತರದ ಬೆಂಕಿ.

ಓಡಿದೆ. ಅಕ್ಕ ರಸ್ತೆಯಲ್ಲಿದ್ದಳು. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಕೈಯಲ್ಲಿ ಬ್ಯಾಗ್ ಹಿಡಿದು. "ಮೇಲಿದಾನೆ," ಎಂದಳು. ಅಷ್ಟೇ.

ಮೆಟ್ಟಿಲು ಹತ್ತಿದೆ. ಗೋಡೆ ಬಿರಿದು ಇಟ್ಟಿಗೆ ಸಿಡಿಯುತ್ತಿತ್ತು. ಕೋಣೆಯ ಚಿಲಕ ಹೊರಗಿನಿಂದ ಹಾಕಿತ್ತು. ಒಳಗಿಂದ ಒದೆಯುತ್ತಿದ್ದ. ನನ್ನ ಕೆಮ್ಮು ಕೇಳಿಸಿತೇನೋ. "ಮಸಿ... ನೀನೇನೋ? ತೆಗಿಯೋ. ತೆಗಿಯೋ ಮಾರಾಯ."

ಬಲಗೈ ಚಿಲಕದ ಮೇಲಿಟ್ಟೆ. ಅವನು ಮುರಿದ ಬೆರಳು ಇನ್ನೂ ಮಡಚಲು ಬರುವುದಿಲ್ಲ. ಹಿಡಿತ ಸಿಗಲಿಲ್ಲ.

ಎಡಗೈ ಇತ್ತು.

ನಿಂತೇ ಇದ್ದೆ. ಒದೆತ ಎಣಿಸಿದೆ. ಹದಿಮೂರು. ಆಮೇಲೆ ಉಗುರಿನಲ್ಲಿ ಕೆರೆದ ಸದ್ದು. ಆಮೇಲೆ ಅದೂ ಇಲ್ಲ. ಆಗ ಎಡಗೈಯಲ್ಲಿ ಚಿಲಕ ಎಳೆದೆ. ಕಾದು ಕೆಂಡವಾಗಿತ್ತು, ಅಂಗೈ ಚರ್ಮ ಅದಕ್ಕೇ ಅಂಟಿಕೊಂಡಿತು. ಚಿಲಕ ಸಲೀಸಾಗಿ ಬಂತು.

ಜನವರಿ 23

ಎಡಗೈ ಸುಟ್ಟಿದೆ, ಬಲಗೈಯ ಉಳಿದ ಬೆರಳಲ್ಲೇ ಪೆನ್ನು ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ಫೈರ್ ಆಫೀಸರ್ ಒಳ್ಳೆಯ ಮನುಷ್ಯ. ಪ್ರಾಣದ ಹಂಗಿಲ್ಲದೆ ಒಳಗೆ ನುಗ್ಗಿದಿರಲ್ಲ ಎಂದು ಬೆನ್ನು ತಟ್ಟಿದರು. ಬಾಗಿಲು ತೆರೆದೇ ಇತ್ತಂತೆ, ಹೊಗೆಯಲ್ಲಿ ದಾರಿ ಕಾಣದೆ ಭಾವ ಒಳಗೇ ಬಿದ್ದು ಸತ್ತಿರಬೇಕಂತೆ.

"ಚಿಮಣಿ ಯಾವಾಗ ಗುಡಿಸಿದ್ದು?"

"ನವೆಂಬರ್ ಒಂಬತ್ತು. ರಿಜಿಸ್ಟರ್ ಇದೆ ಸಾರ್."

"ಎರಡೂವರೆ ತಿಂಗಳಾಯ್ತಲ್ರೀ. ಸೌದೆ ಒಲೆಗೆ ಎಷ್ಟು ದಿನಕ್ಕೊಂದ್ಸಲ ಗುಡಿಸ್ಬೇಕು?"

ಹದಿನೆಂಟು ವರ್ಷ ಪೂರ್ತಿ ಉತ್ತರ ಕೊಟ್ಟಿದ್ದೇನೆ. ಇವತ್ತು ಅರ್ಧ ಕೊಟ್ಟೆ.

"ವರ್ಷಕ್ಕೊಂದು ಸಲ."

ಬರೆದುಕೊಂಡರು. ಹಾಗಾದರೆ ಕಟ್ಟಡದ್ದೇ ದೋಷ ಇರಬೇಕು ಎಂದರು. ನಾಳೆ ಒಂಬತ್ತಕ್ಕೆ ಬಂದು ರಿಜಿಸ್ಟರ್ ತಗೊಂಡು ಹೋಗುತ್ತಾರೆ.

ಸಂಜೆ ಅಕ್ಕ ನನ್ನ ಅಂಗೈಗೆ ಮುಲಾಮು ಹಚ್ಚಿದಳು. ಚಿಲಕದ ಅಚ್ಚು ಹಾಗೇ ಬಿದ್ದಿದೆ. ತುಂಬ ಹೊತ್ತು ನೋಡಿದಳು.

"ತೆಗಿಯೋಕೆ ನೋಡಿದ್ಯಾ?"

"ಹೂಂ."

ಆಗ ಅತ್ತಳು. ಎಲ್ಲವನ್ನೂ ತಾನೊಬ್ಬಳೇ ಮಾಡಿದೆ ಎಂದುಕೊಂಡಿದ್ದಾಳೆ. ಅಲ್ಲ ಎನ್ನಲು ಬಾಯಿ ಬರಲಿಲ್ಲ. ಹೇಡಿ ನಾನು.

ಜನವರಿ 24, ಬೆಳಿಗ್ಗೆ

ಮೇಜಿನ ಮೇಲೆ ಎರಡು ಪುಸ್ತಕ. ರಿಜಿಸ್ಟರ್ ಆಫೀಸರಿಗೆ. ಇದು ಒಲೆಗೆ. ಅಕ್ಕ ಬೆಂಕಿ ಹಚ್ಚಿದ್ದಾಳೆ. "ನಿನ್ ಸೌದೆ ಚೆನ್ನಾಗಿ ಒಣಗಿದೆ ಕಣೋ," ಎಂದಳು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಸುಡುವ ಮುಂಚೆ ಒಂದು ಬರೆಯಬೇಕು. ಅವಳಿಗೆ ಹೇಳಲಾಗದ್ದು. ಅಕ್ಕ, ಕೊಂದವಳು ನೀನಲ್ಲ. ನಾನು ಹೋದಾಗ ಅವನು ಇನ್ನೂ ಬದುಕಿದ್ದ, ಬಾಗಿಲು ಒದೆಯುತ್ತಿ—

ಬೆಲ್. ಎಂಟೂಮುಕ್ಕಾಲು, ಅಷ್ಟೇ. ಅಕ್ಕ ಬಾಗಿಲು ತೆಗೆದಾಯಿತು. "ಬನ್ನಿ ಸಾರ್, ಒಳಗಿದಾನೆ, ಏನೋ ಬರೀತಿ