ಬೀಜ ತಂದವರ ಪಾಲು

ಸುಹುಯಿನಿ,

ಬಾನಿಯಲ್ಲಿ ಶಿಯಾ ಬೀಜ ಅರೆದ ಹಿಟ್ಟನ್ನು ಅರ್ಧ ಕಡೆದು ಬಿಟ್ಟು ಹೊರಟಿದ್ದೇನೆ. ಎದ್ದ ಕೂಡಲೇ ಕೈ ಹಾಕು, ಬಿಸಿಲೇರಿದರೆ ಬೆಣ್ಣೆ ಕಟ್ಟುವುದಿಲ್ಲ. ಸಜ್ಜೆ ಗಂಜಿ ಮುಚ್ಚಿಟ್ಟಿದ್ದೇನೆ, ಮೊದಲು ಕುಡಿ.

ನಮ್ಮ ಬೆಣ್ಣೆ ಕಂಪನಿಯ ನೋಂದಣಿಗೆ ನೀನು ತುಂಬಿದ ಅರ್ಜಿ ನೋಡಿದೆ. ಅಕ್ಷರ ಮುದ್ದಾಗಿದೆ, ಆದರೆ ನಗದು ಹಾಕುವವರನ್ನು ಮಾತ್ರ ಬರೆದಿದ್ದೀಯ. ಹಾಗಾಗಿ ಬೀಜ ಅರೆಯುವ ಯಂತ್ರಕ್ಕೆ ದುಡ್ಡು ಕೊಡುವ ನಿನ್ನ ಚಿಕ್ಕಪ್ಪನಿಗೆ ನೂರರಲ್ಲಿ ಎಂಬತ್ತು ಷೇರು, ನನಗೆ ಇಪ್ಪತ್ತು. ಮೂರು ವರ್ಷ ಬೋಗುಣಿಗಟ್ಟಲೆ ಬೀಜ ತಂದು ಸುರಿದ ಹನ್ನೊಂದು ಹೆಂಗಸರು ಎಲ್ಲಿ ಹೋದರು? ಬೀಜ ಯಾರ ಗಂಡನದೂ ಅಲ್ಲ, ಆಯ್ದವಳದು. ಇದು ನಿನಗೆ ಗೊತ್ತಿಲ್ಲದ್ದೇ? ಬೀಜಕ್ಕೆ ಬೆಲೆ ಕಟ್ಟಿ ಅವರ ಹೆಸರಿಗೂ ಷೇರು ಬರೆ.

"ದುಡ್ಡು ಹಾಕ್ದೋನೇ ಯಜಮಾನ ಅಲ್ವಾ ಅತ್ತಿಗೆ?" ಅಂದ ನಿನ್ನೆ ಚಿಕ್ಕಪ್ಪ. "ಹಂಗಾದ್ರೆ ಯಂತ್ರಕ್ಕೆ ದುಡ್ಡನ್ನೇ ಸುರಿದು ಬೆಣ್ಣೆ ತೆಗಿಯಪ್ಪ" ಅಂದೆ. ನಕ್ಕ, ಬಗ್ಗಲಿಲ್ಲ. ಆ ದುಡ್ಡನ್ನು ಸಾಲವಾಗಿ ಕೊಟ್ಟರೆ ತೀರಿಸೋಣ, ಯಜಮಾನಿಕೆ ಕೊಡುವುದು ಬೇಡ.

ಮಧ್ಯಾಹ್ನ ಆ ಅರ್ಜಿಗೆ ನನ್ನ ಸಹಿ ಹಾಕಿಸಲು ಬರುತ್ತಾನೆ. ಚೆನ್ನಾಗಿ ಬಡಿಸು, ಎದುರು ಮಾತಾಡಬೇಡ. ಅರ್ಜಿಯನ್ನು ಮನೆಯಲ್ಲಿ ಹುಡುಕಬೇಡ, ನನ್ನ ಜೊತೆ ಟಮಾಲೆ ಸಂತೆಗೆ ಬರುತ್ತಿದೆ. ಬರುವಾಗ ಹೊಸ ಖಾಲಿ ಅರ್ಜಿ ತರುತ್ತೇನೆ, ಆ ಹನ್ನೊಂದು ಹೆಸರನ್ನೂ ಅದರಲ್ಲಿ ಬರೆ. ಅವನು ಕೇಳಿದರೆ ಅಮ್ಮ ಬೆಣ್ಣೆ ಮಾರಲು ಹೋಗಿದ್ದಾಳೆ ಅಂತಷ್ಟೇ ಹೇಳು.

ಅಮ್ಮ