ನಿಮ್ಮ ಗೇಟಿನ ಕಾಡುಕೋಣದ ನಾಲ್ಕು ಕಾಲುಗಳು

ಮಾನ್ಯ ಅಭಯಾರಣ್ಯಾಧಿಕಾರಿಗಳೇ,

ನಿಮ್ಮ ಗೇಟಿನ ಬೋರ್ಡಿನಲ್ಲಿ ನಿಂತಿರುವ ಕಾಡುಕೋಣದ ಕಾಲುಗಳು ತಪ್ಪಾಗಿವೆ. ಒಂದಲ್ಲ, ನಾಲ್ಕೂ. ನೀವು ಅವಕ್ಕೆ ಗೊರಸಿನ ತನಕ ಕಪ್ಪು ಬಳಿಸಿದ್ದೀರಿ. ನಿಜವಾದ ಕಾಡುಕೋಣಕ್ಕೆ ಮಂಡಿಯಿಂದ ಕೆಳಗೆ ಬಿಳಿ. ಇದನ್ನು ಕಳೆದ ಜನವರಿಯಲ್ಲಿ ನಿಮಗೆ ಖಾಸಗಿಯಾಗಿ ಬರೆದು ತಿಳಿಸಿದ್ದೆ. ಎರಡು ತಿಂಗಳ ನಂತರ ಮೊಹರು ಒತ್ತಿದ ಉತ್ತರ ಬಂತು: "ಸದರಿ ಫಲಕದ ಚಿತ್ರವು ಪರಿಣತ ಚಿತ್ರಕಾರರೊಬ್ಬರ ಕೃತಿಯನ್ನು ಆಧರಿಸಿದ್ದು, ಅದರಲ್ಲಿ ಲೋಪವಿರುವ ಸಂಭವವು ಕಂಡುಬರುವುದಿಲ್ಲ." ಓದಿ ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಯಾಕೆಂದರೆ ಆ ಪರಿಣತ ಚಿತ್ರಕಾರ ನಾನೇ. ಚಿತ್ರ ಬರೆಯುವಾಗ ನಾನು ಕಾಡುಕೋಣವನ್ನು ಕಂಡವನೇ ಅಲ್ಲ. ಖಾಸಗಿಯಾಗಿ ಹೇಳಿದ್ದು ತಮಗೆ ಕೇಳಿಸದ ಕಾರಣ ಈಗ ಪತ್ರಿಕೆಯಲ್ಲಿ, ನಾಲ್ಕು ಜನರ ಎದುರು ಹೇಳುತ್ತಿದ್ದೇನೆ.

ಮಂಗಳೂರಿನಲ್ಲಿ, ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ತೆಗೆಯುವ ಒಂದು ಕಲ್ಲಚ್ಚಿನ ಪ್ರೆಸ್ಸಿನಲ್ಲಿ, ಬೀಡಿಕಟ್ಟಿನ ಲೇಬಲ್ಲುಗಳಿಗೆ ಚಿತ್ರ ಬರೆಯುವುದು ನನ್ನ ಉದ್ಯೋಗ. ಸಿಂಹ, ಒಂಟೆ, ಹಿಮಾಲಯ, ಚಂದ್ರ ಎಲ್ಲ ಬರೆದಿದ್ದೇನೆ. ಇವುಗಳಲ್ಲಿ ಕಣ್ಣಾರೆ ಕಂಡದ್ದು ಚಂದ್ರನನ್ನು ಮಾತ್ರ. ಹನ್ನೆರಡು ವರ್ಷಗಳ ಹಿಂದೆ ಬಂದರಿನ ಬೀಡಿ ವ್ಯಾಪಾರಿ ಮೊಯ್ದೀನಬ್ಬ ಸಾಹುಕಾರರಿಗೆ ಕಾಡುಕೋಣ ಮಾರ್ಕಿನ ಲೇಬಲ್ಲು ಬೇಕಾಯಿತು. ನಾನು ಪಕ್ಕದ ಗದ್ದೆಯ ಕೋಣವನ್ನು ನೋಡಿ, ಹೆಗಲು ಸ್ವಲ್ಪ ಎತ್ತರಿಸಿ, ಕಣ್ಣಿಗೆ ಸಿಟ್ಟು ಕೊಟ್ಟು ಕಾಡಿಗೆ ಕಳಿಸಿದೆ. ಆಗ ನನ್ನನ್ನು ತಡೆದವನು ಒಬ್ಬನೇ, ನಮ್ಮ ಪ್ರೆಸ್ಸಿನ ತುಕ್ರ. ಕಲ್ಲಿನ ಮೇಲೆ ಮರಳು, ನೀರು ಹಾಕಿ ಇನ್ನೊಂದು ಕಲ್ಲಿನಿಂದ ತಿಕ್ಕಿ ತಿಕ್ಕಿ ಹಳೆಯ ಚಿತ್ರ ಅಳಿಸುವುದು ಅವನ ಕೆಲಸ. ಪ್ರಾಯದಲ್ಲಿ ಮರ ಕಡಿಯುವ ಕೂಪಿನ ಕೆಲಸಕ್ಕೆಂದು ಘಟ್ಟದ ಬುಡದ ಕಾಡಿನಲ್ಲಿ ಆರು ವರ್ಷ ಇದ್ದವನು. "ಮಾಸ್ತ್ರೇ, ಕಾಟಿಯ ಕಾಲು ಬಿಳಿ ಉಂಟು. ಸುಣ್ಣದ ಹೊಂಡಕ್ಕೆ ಇಳಿದು ಬಂದ ಹಾಗೆ" ಎಂದ. ನಮ್ಮಲ್ಲಿ ಕಾಡುಕೋಣಕ್ಕೆ ಕಾಟಿ ಎನ್ನುತ್ತಾರೆ. ಲೇಬಲ್ಲಿಗೆ ಇದ್ದದ್ದು ಎರಡೇ ಬಣ್ಣ, ಕೆಂಪು ನೆಲ ಮತ್ತು ಕಪ್ಪು ಕೋಣ. ಕಾಲು ಬಿಳಿ ಬರಬೇಕಾದರೆ ಅಷ್ಟು ಜಾಗದಲ್ಲಿ ಎರಡೂ ಬಣ್ಣ ತಪ್ಪಿಸಿ ಕಾಗದವನ್ನು ಖಾಲಿ ಬಿಡಬೇಕು. ಅದು ತಲೆನೋವಿನ ಕೆಲಸ. ನಾನು, "ಕಾಟಿ ಎಂತ ಸಾಕ್ಸ್ ಹಾಕ್ತದಾ ಮಾರಾಯ?" ಎಂದೆ. ಪ್ರೆಸ್ಸಿನವರೆಲ್ಲ ನಕ್ಕರು. ತುಕ್ರನೂ ನಕ್ಕ.

ಕಳೆದ ಡಿಸೆಂಬರಿನಲ್ಲಿ ಸಾಹುಕಾರರಿಗೆ ಹೊಸ ಲೇಬಲ್ಲು ಮಾಡಿಸುವ ಉಮೇದು ಬಂತು. ಹಾಸನದ ಅಂಗಡಿಯವನೊಬ್ಬ, "ನಿಮ್ಮ ಕೋಣ ಕಾಡಿನದಲ್ಲ, ನೇಗಿಲಿನದು" ಎಂದು ಗೇಲಿ ಮಾಡಿದ್ದನಂತೆ. ತಮ್ಮ ಹೊಸ ವ್ಯಾನಿನಲ್ಲಿ ನನ್ನನ್ನೂ ತುಕ್ರನನ್ನೂ ಕೂರಿಸಿಕೊಂಡು, ಸಂಪಾಜೆ ಘಾಟಿ ಹತ್ತಿಸಿ, ನಿಮ್ಮ ಅಭಯಾರಣ್ಯಕ್ಕೆ ಕರೆತಂದರು. ಮದರಾಸಿನವರ ಕೈಕೆಳಗಿದ್ದ ನಾವು ಘಟ್ಟದ ಮೇಲಿನವರ ಜೊತೆ ಒಂದೇ ರಾಜ್ಯವಾಗಿ ಕೆಲವು ವರ್ಷಗಳಾದವು. ನಮ್ಮ ಹೊಸ ಸರಕಾರದ ಪ್ರಾಣಿಗಳನ್ನು ನೋಡುವ ಹಕ್ಕು ನಮಗೂ ಇದೆಯಷ್ಟೆ. ತುಕ್ರ ಎಣ್ಣೆ ಹಾಕಿ ತಲೆ ಬಾಚಿ, ಮೊಮ್ಮಗಳು ದೇಯಿ ಒಗೆದುಕೊಟ್ಟ ಅಂಗಿ ತೊಟ್ಟು, ನಂಟರ ಮನೆಗೆ ಹೊರಟವನ ಹಾಗೆ ಕುಳಿತಿದ್ದ.

ಗೇಟಿನಲ್ಲಿ ಇಳಿದದ್ದೇ ತಡ, ಬೋರ್ಡು ಕಂಡಿತು. ಆಳೆತ್ತರದ ಕಾಡುಕೋಣ. ನನಗೆ ಅದರ ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ನಮ್ಮ ಕಲ್ಲಿನ ಒಂದು ಮೂಲೆ ಚೂರು ಹಾರಿಹೋದ ಕಾರಣ ನನ್ನ ಕೋಣದ ಎಡಗಿವಿಯ ತುದಿ ತುಂಡಾಗಿತ್ತು. ನಿಮ್ಮ ಕೋಣದ ಎಡಗಿವಿಯೂ ತುಂಡಾಗಿದೆ. ತಮ್ಮ ಪೈಂಟರು ಕಾಡಿನೊಳಗೆ ಹೋಗುವ ಬದಲು ತನ್ನ ಜೇಬಿನೊಳಗೆ ಕೈ ಹಾಕಿದ್ದಾನೆ! ಅಲ್ಲಿ ಸಾಹುಕಾರರ ಬೀಡಿಕಟ್ಟು ಇತ್ತು. ನಾನು ಬಾಯಿ ತೆರೆಯುವ ಮೊದಲೇ ತುಕ್ರ ಬೋರ್ಡನ್ನು ನೋಡಿ ಮೆಲ್ಲಗೆ, "ಇದರ ಕಾಲು ಬಿಳಿ ಆಗ್ಬೇಕಿತ್ತು" ಎಂದ. ತಮ್ಮ ಗಾರ್ಡು ಖಾಕಿ ಸರಿಪಡಿಸಿಕೊಂಡು, "ಯಜಮಾನ್ರೇ, ಇಲ್ಲದ್ದೆಲ್ಲ ಹೇಳ್ಬೇಡಿ. ಇದು ಸರ್ಕಾರದ ಬೋರ್ಡು. ಸರ್ಕಾರ ಸುಳ್ಳು ಬರೆಯುತ್ತಾ?" ಎಂದ. ತುಕ್ರ ಬೋರ್ಡನ್ನು ಇನ್ನೊಮ್ಮೆ ನೋಡಿದ, ಗಾರ್ಡಿನ ಟೋಪಿಯನ್ನು ನೋಡಿದ, ತಲೆ ತಗ್ಗಿಸಿದ. ಹನ್ನೆರಡು ವರ್ಷ ನಾವು ನಕ್ಕಾಗ ತಗ್ಗದ ತಲೆ ಅದು. ನಾನು ಅಲ್ಲಿಯೇ ನಿಜ ಹೇಳಬೇಕಿತ್ತು. ನಾಚಿಕೆಯಿಂದ ಹೇಳಲಿಲ್ಲ.

ಆಮೇಲೆ ತಮ್ಮ ಇಲಾಖೆಯ ವ್ಯಾನು ಹತ್ತಿದೆವು. ಬಿಳಿ ಬಟ್ಟೆ ಕಂಡರೆ ಪ್ರಾಣಿಗಳು ಓಡುತ್ತವೆ ಎಂಬ ತಮ್ಮ ನಿಯಮದಂತೆ, ಬಿಳಿ ಅಂಗಿ, ಬಿಳಿ ಟೋಪಿಯ ಸಾಹುಕಾರರಿಗೆ ಒಂದು ಕಂಬಳಿ ಹೊದಿಸಲಾಯಿತು. ಅದರೊಳಗೆ ಬೆವರುತ್ತಾ ಅವರು, "ಅಲ್ಲ ಗಾರ್ಡರೇ, ತುಕ್ರ ಹೇಳಿದ ಹಾಗೆ ಕಾಲು ಬಿಳಿ ಇದ್ರೆ ಕಾಟಿ ತನ್ನ ಕಾಲು ಕಂಡೇ ಓಡ್ಬೇಕಲ್ಲ?" ಎಂದರು. ಗಾರ್ಡು ಇದನ್ನು ತನ್ನ ಪರವಾದ ಸಾಕ್ಷಿಯೆಂದೇ ತಿಳಿದು ತಲೆಯಾಡಿಸಿದ. ಒಂದು ಗಂಟೆಯಲ್ಲಿ ನಾವು ಕಂಡದ್ದು ಹನ್ನೊಂದು ಜಿಂಕೆ, ಒಂದು ನವಿಲು, ಆನೆ ಹೋಗಿದೆ ಎಂದು ಹೇಳಲಾದ ಒಂದು ದಾರಿ. ಕೊನೆಗೆ ಹೊತ್ತು ಇಳಿಯುವಾಗ ಅದು ಬಂತು. ಎಂಥ ಪ್ರಾಣಿ ಸ್ವಾಮೀ! ನನ್ನ ಲೇಬಲ್ಲಿಗೆ ಬೆಂಕಿ ಹಾಕಬೇಕು ಅನಿಸಿತು. ಆ ಹೆಗಲು, ಆ ಕೊಂಬಿನ ಬಾಗು, ಯಾರ ಮೇಲೂ ಸಿಟ್ಟಿಲ್ಲದ ಆ ಕಣ್ಣು. ನಾನು ಪೆನ್ಸಿಲು ಹಿಡಿಯುವುದನ್ನೇ ಮರೆತುಬಿಟ್ಟೆ. ಆದರೆ ನಿಂತದ್ದು ಹೊಟ್ಟೆಮಟ್ಟದ ಹುಲ್ಲಿನಲ್ಲಿ! ಐದು ನಿಮಿಷ ನಮ್ಮನ್ನು ನೋಡಿ, ಹುಲ್ಲಿನಲ್ಲೇ ತಿರುಗಿ, ಹುಲ್ಲಿನಲ್ಲೇ ಹೋಯಿತು. "ನೋಡಿದ್ರಾ, ಎಲ್ಲಿದೆ ಬಿಳಿ?" ಎಂದ ಗಾರ್ಡು. ಕಾಲೇ ಕಾಣದ ಮೇಲೆ ಬಣ್ಣ ಎಲ್ಲಿಂದ ಕಾಣಬೇಕು ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಮಾನ್ಯರೇ, ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಭೇಟಿ ಪುಸ್ತಕಕ್ಕೆ ರುಜು ಹಾಕಲು ನನ್ನನ್ನು ತಮ್ಮ ಕಚೇರಿಯ ಜಗಲಿಯಲ್ಲಿ ಒಂದು ಸ್ಟೂಲಿನ ಮೇಲೆ ಕೂರಿಸಿದರು. ತುಕ್ರ ಅಷ್ಟರಲ್ಲಿ ನಮ್ಮ ವ್ಯಾನಿಗೆ ಹೋಗಿ ಕುಳಿತಿದ್ದ. ಪೆನ್ನು ಕೈತಪ್ಪಿ ಬಿತ್ತು, ಹೆಕ್ಕಲು ಬಗ್ಗಿದೆ. ಯಾವನೋ ಬೇಟೆಗಾರ ದೊರೆ ಮಾಡಿಸಿ ಬಿಟ್ಟುಹೋದ ಆ ಸ್ಟೂಲಿಗೆ ನಾಲ್ಕು ಕಾಡುಕೋಣದ ಕಾಲುಗಳು, ಚರ್ಮ, ಕೂದಲು, ಗೊರಸಿನ ಸಮೇತ. ಮಂಡಿಯಿಂದ ಮೇಲೆ ಕಪ್ಪು, ಕೆಳಗೆ ಬಿಳಿ. ಜೇಡರ ಬಲೆ ಒರೆಸಿ ನೋಡಿದೆ, ಇನ್ನೂ ಬಿಳಿ. ಗಾರ್ಡು, "ಹಳೇದಲ್ವಾ, ಬಣ್ಣ ಹೋಗಿದೆ" ಎಂದ. ಬಣ್ಣ ಹೋಗುವುದಾದರೆ ನಾಲ್ಕೂ ಕಾಲಿನಲ್ಲಿ ಗೆರೆ ಎಳೆದ ಹಾಗೆ ಮಂಡಿಯಿಂದ ಕೆಳಗೆ ಮಾತ್ರ ಹೋಗುತ್ತದೆಯೇ? ತಾವು ದಿನವೂ ಅದರ ಪಕ್ಕದಲ್ಲೇ ನಡೆದು ಒಳಗೆ ಹೋಗುತ್ತೀರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಸರಿ, ಆದರೆ ಬೀಡಿಕಟ್ಟನ್ನು ನೋಡಿ ಪ್ರಮಾಣಿಸು ಎಂದು ಹೇಳಿದ ಹಾಗೆ ನನಗೆ ನೆನಪಿಲ್ಲ.

ನಾನು ವ್ಯಾನಿಗೆ ಓಡಿಹೋಗಿ, "ತುಕ್ರಾ, ನೀನು ಹೇಳಿದ್ದೇ ಸರಿ" ಎಂದೆ. ಸ್ಟೂಲಿನ ಕಥೆ ಹೇಳಿದೆ. ಬೋರ್ಡಿನದು ನನ್ನದೇ ಚಿತ್ರ, ನನ್ನದೇ ತಪ್ಪು ಎಂದೂ ಒಪ್ಪಿಕೊಂಡೆ. ಅದಕ್ಕೆ ಅವನು ಹೇಳಿದ್ದನ್ನು ತಾವು ಗಮನವಿಟ್ಟು ಓದಬೇಕು. "ನೀವು ನನ್ನ ಸಮಾಧಾನಕ್ಕೆ ಹೇಳುವುದು ಮಾಸ್ತ್ರೇ. ಸರಕಾರದವರು ನಿಮ್ಮದನ್ನು ನೋಡಿ ಬರೆದಿದ್ದಾರೆ ಅಂದ್ರೆ ನೀವು ಬರೆದದ್ದು ಸರಿ ಉಂಟು ಅಂತ ಆಯ್ತಲ್ಲ? ನಾನು ನೋಡಿದ್ದು ಎಂತದೋ. ಪ್ರಾಯದಲ್ಲಿ ಮಂಜಿನಲ್ಲಿ ನೋಡಿದ್ದು." ಸ್ಟೂಲು ನೋಡಲು ಬಾ ಎಂದರೆ ಬರಲಿಲ್ಲ. ದೊಡ್ಡವರ ಜಗಲಿ ಹತ್ತುವುದು ಅವನಿಗೆ ಆಗದ ಮಾತು.

ಅಂದಿನಿಂದ ನಮ್ಮ ಪ್ರೆಸ್ಸಿನಲ್ಲಿ ಕಾಡಿನ ಕಥೆಗಳು ನಿಂತಿವೆ. ಮಧ್ಯಾಹ್ನ ಗಂಜಿ ಉಂಡ ಮೇಲೆ ತುಕ್ರ ಹೇಳುತ್ತಿದ್ದ ಆನೆಯ ಕಥೆ, ಜೇನಿನ ಕಥೆ ಒಂದೂ ಈಗ ಇಲ್ಲ. ಕೇಳಿದರೆ, "ಸರಿ ನೆನಪಿಲ್ಲ" ಎನ್ನುತ್ತಾನೆ. ದೇಯಿ ಬಂದು, "ಅಜ್ಜ ಮೊದಲಿನ ಹಾಗೆ ಇಲ್ಲ, ಅಲ್ಲಿ ಎಂತ ಆಯ್ತು?" ಎಂದು ಕೇಳಿದಳು. ಏನು ಹೇಳಲಿ? ಒಬ್ಬ ಮನುಷ್ಯನ ಆರು ವರ್ಷಗಳನ್ನು ಒಂದು ಬೋರ್ಡು ಅಳಿಸಿತು ಎನ್ನಲೇ? ಕಲ್ಲು ತಿಕ್ಕಿ ಅಳಿಸುವವನನ್ನೇ ನಾನು ಮತ್ತು ತಾವು ಸೇರಿ ಅಳಿಸಿದ್ದೇವೆ. ನನಗೆ ದುಃಖವಾಗುತ್ತದೆ ಸ್ವಾಮೀ. ಇದರಲ್ಲಿ ತಮಾಷೆ ಇಲ್ಲ.

ಹೊಸ ಲೇಬಲ್ಲಿನಲ್ಲಾದರೂ ಸರಿಮಾಡೋಣವೆಂದರೆ ಸಾಹುಕಾರರು ಒಪ್ಪುತ್ತಿಲ್ಲ. "ಸರಕಾರವೇ ನಮ್ಮ ಮಾರ್ಕನ್ನು ಗೇಟಿಗೆ ಹಾಕಿದೆ, ಈಗ ಬದಲಾಯಿಸುವುದಾ? ಜನ ನಮ್ಮದನ್ನೇ ಡೂಪ್ಲಿಕೇಟ್ ಅಂತಾರೆ ಮಾರಾಯ್ರೇ" ಎನ್ನುತ್ತಾರೆ. ತಾವು ನನ್ನನ್ನು ನೋಡಿ ಬರೆದಿರಿ, ಅವರು ನಿಮ್ಮ ಬೋರ್ಡನ್ನು ನೋಡಿ ಬದಲಾಯಿಸುವುದಿಲ್ಲ. ಕಾಡಿನ ಕೋಣ ಮಾತ್ರ ಯಾರನ್ನೂ ನೋಡದೆ ಬಿಳಿ ಕಾಲಿನಲ್ಲಿ ತಿರುಗುತ್ತಿದೆ. ಕೊನೆಗೆ ನಾನೇ ಹಟ ಹಿಡಿದು, ಹಳೆಯ ಕಲ್ಲನ್ನು ಅಳಿಸು ಎಂದು ತುಕ್ರನ ಮುಂದೆ ಇಟ್ಟೆ. ಅವನು ಕೈ ಹಿಂದೆ ಕಟ್ಟಿಕೊಂಡು, "ಸರಕಾರದ ಕಾಟಿಯನ್ನು ಅಳಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದ. ನಲವತ್ತು ವರ್ಷದ ಕಸುಬಿನಲ್ಲಿ ಅವನು ಇಲ್ಲ ಎಂದ ಮೊದಲ ಕಲ್ಲು ಅದು.

ಆದ್ದರಿಂದ ನನ್ನ ಬೇಡಿಕೆ. ಬೋರ್ಡಿನ ಕಾಲುಗಳಿಗೆ ಮಂಡಿಯಿಂದ ಕೆಳಗೆ ಬಿಳಿ ಬಳಿಸಿ. ಪೈಂಟರು ಸಿಗದಿದ್ದರೆ ನಾನೇ ಬರುತ್ತೇನೆ. ಬಣ್ಣ, ಬ್ರಷ್ಷು ನನ್ನದು, ಏಣಿ ತಮ್ಮದು. ಅದಕ್ಕೆ ಮೇಲಿನವರ ಮಂಜೂರಾತಿ ಬರುವಾಗ ವರ್ಷ ಹಿಡಿಯುವುದಾದರೆ ಹಿಡಿಯಲಿ. ಆದರೆ ಒಂದು ಕೆಲಸ ಈ ವಾರವೇ ಆಗಬೇಕು. ಜಗಲಿಗೆ ಬಂದು ಆ ಸ್ಟೂಲನ್ನು ತಲೆಕೆಳಗು ಮಾಡಿ ನೋಡಿ, ಮತ್ತು ಒಂದು ಕಾರ್ಡು ಬರೆಯಿರಿ. ನನಗಲ್ಲ. "ಶ್ರೀ ತುಕ್ರ, ಕಲ್ಲು ತಿಕ್ಕುವವರು" ಎಂದು ವಿಳಾಸ ಹಾಕಿ, ಪ್ರೆಸ್ಸಿನ ಹೆಸರು ಮೊದಲ ಪತ್ರದಲ್ಲಿದೆ. ಒಳಗೆ ಒಂದೇ ಸಾಲು ಸಾಕು: "ತಾವು ನೋಡಿದ್ದು ಸರಿ." ಕೆಳಗೆ ಮೊಹರು ಒತ್ತುವುದನ್ನು ಮರೆಯಬೇಡಿ, ಅವನು ನಂಬುವುದು ಅದನ್ನೇ. ದೇಯಿಗೆ ಓದಲು ಬರುತ್ತದೆ, ಗಟ್ಟಿಯಾಗಿ ಓದಿ ಹೇಳುತ್ತಾಳೆ. ಹಳೆಯ ಕಲ್ಲನ್ನು ನಾನು ಅವನ ಮುಂದೆಯೇ ಇಟ್ಟಿದ್ದೇನೆ, ಪಕ್ಕದಲ್ಲಿ ಮರಳೂ ನೀರೂ ಇವೆ.

ಇಂತಿ,
ತಮ್ಮ ಕಚೇರಿಯಿಂದ ಪರಿಣತನೆನಿಸಿಕೊಂಡ,
ಕಾಡುಕೋಣವನ್ನು ಹೊಟ್ಟೆಯಿಂದ ಮೇಲೆ ಮಾತ್ರ ಕಂಡ,
ನಿತ್ಯಾನಂದ
ಕೊಟ್ಟಾರ, ಮಂಗಳೂರು